ಕರೆಂಟು ಹೋದಾಗ, ಕರೆಂಟು ಬಂದಾಗ



ಮಳೆಗಾಲ ಶುರುವಾಯಿತು ಎಂದರೆ ನಮ್ಮ ಮಲೆನಾಡಿನ ಮನೆಗಳಿಗೆ ಮೂವರು ನೆಂಟರು ಬರುತ್ತಾರೆ. ಇಂಬಳ, ಕಪ್ಪೆ, ಕತ್ತಲೆ! ಮೊದಲಿನ ಇಬ್ಬರ ವಿಷಯ ಬಿಡಿ. ಮೂರನೆಯವನ ಬಗ್ಗೆ ನನಗೆ ತಿಳಿದಷ್ಟು ಬರೆಯುತ್ತೇನೆ. ಕರೆಂಟು ಹೋದಾಗ ಏನು ಮಾಡಬೇಕು ಅಂತ ಎಲ್ಲರ ಮನೆಯಲ್ಲೂ ಸ್ವಲ್ಪ ಗೊತ್ತಿರುತ್ತೆ. ಆದರೆ ಅದು ವಾಪಸ್ಸು ಬರುವಾಗ ಹುಷಾರಾಗಿರಬೇಕು ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಹೋದರೆ ತೊಂದರೆ ಅಷ್ಟೆ, ಅಪಾಯ ಇರುವುದು ಬರುವಾಗ.

ಯಾಕೆ ಹೋಗುತ್ತದೆ?

ನಮ್ಮ ಶಿವಮೊಗ್ಗ ಜಿಲ್ಲೆಯ ಲಿಂಗನಮಕ್ಕಿ ಅಣೆಕಟ್ಟು ೧೯೬೪ರಲ್ಲಿ ಆಯಿತು. ಅಲ್ಲಿಯ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ ೧೦೩೫ ಮೆಗಾವ್ಯಾಟ್ ತಯಾರಿಸಬಹುದು. "ಕರೆಂಟು ಹುಟ್ಟೋದು ನಮ್ಮ ಮಗ್ಗುಲಲ್ಲಿ, ಕತ್ತಲೂ ನಮಗೇನಾ?" ಎಂದು ನಮ್ಮ ಅಜ್ಜಿ ಕೇಳುತ್ತಾರೆ. ಕಾರಣ ಹೀಗಿದೆ. ಅಲ್ಲಿ ತಯಾರಾದ ಕರೆಂಟು ದೊಡ್ಡ ಟವರ್ ಲೈನಿನಲ್ಲಿ ದೂರ ಹೋಗುತ್ತದೆ. ನಮ್ಮೂರಿಗೆ ಬರುವುದು ಸಬ್‌ಸ್ಟೇಷನ್ನಿನಿಂದ ೧೧,೦೦೦ ವೋಲ್ಟಿನ ಲೈನಿನಲ್ಲಿ. ಆ ಲೈನು ಕಾಡು, ಗುಡ್ಡ, ಅಡಿಕೆ ತೋಟ ಎಲ್ಲಾ ದಾಟಿ ಬರಬೇಕು. ಊರ ಹತ್ತಿರದ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಅದನ್ನು ೨೩೦ ವೋಲ್ಟಿಗೆ ಇಳಿಸಿ ಮನೆಗೆ ಕೊಡುತ್ತದೆ.

ದಾರಿಯಲ್ಲಿ ಎಲ್ಲೋ ಒಂದು ಕೊಂಬೆ ತಂತಿಗೆ ತಾಗಿದರೂ ಸಬ್‌ಸ್ಟೇಷನ್ನಿನ ಸ್ವಿಚ್ಚು ತಾನಾಗಿಯೇ ಬೀಳುತ್ತದೆ. ಆ ಲೈನಿನ ಊರುಗಳೆಲ್ಲಾ ಒಟ್ಟಿಗೆ ಕತ್ತಲೆ. ಸ್ವಿಚ್ಚು ಬೀಳದಿದ್ದರೆ ತಂತಿ ಸುಟ್ಟು, ಜೀವ ಹೋಗಬಹುದು. ಅಂದರೆ ಕೆಲವು ಸಲ ಕರೆಂಟು ಹೋಗುವುದು ನಮ್ಮನ್ನು ಕಾಪಾಡಲಿಕ್ಕೆ. ಆಮೇಲೆ ಲೈನ್‌ಮನ್ ಮಳೆಯಲ್ಲಿ ಕಂಬದಿಂದ ಕಂಬಕ್ಕೆ ನಡೆದು ಆ ಕೊಂಬೆಯನ್ನು ಹುಡುಕಬೇಕು. ತಡವಾಗುವುದು ಇದಕ್ಕೇ.

ಲೋಡ್ ಶೆಡ್ಡಿಂಗ್ ಬೇರೆ. ಅದು ಕರೆಂಟೇ ಸಾಲದೆ ಆಗುವುದು. ೨೦೨೩ರಲ್ಲಿ ಮಳೆ ಕೈಕೊಟ್ಟಾಗ ರಾಜ್ಯದಲ್ಲಿ ಹಾಗಾಗಿತ್ತು.

ಬೆಳಕು ಮತ್ತು ಓದು

ಸಂಜೆ ಮೋಡ ಕಟ್ಟಿದ ಕೂಡಲೇ ಚಾರ್ಜ್ ಬಲ್ಬು, ಬ್ಯಾಟರಿ, ಮೊಬೈಲು ಮೂರನ್ನೂ ಚಾರ್ಜಿಗೆ ಹಾಕಿ. ಬ್ಯಾಟರಿಯನ್ನು ದಿನಾ ಒಂದೇ ಜಾಗದಲ್ಲಿ ಇಡಿ. ನಮ್ಮ ಮನೆಯಲ್ಲಿ ಅದು ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತದೆ. ಕಣ್ಣು ಮುಚ್ಚಿಕೊಂಡು ಹೋದರೂ ಕೈಗೆ ಸಿಗುತ್ತೆ.

ಓದುವಾಗ ದೀಪವನ್ನು ಹತ್ತಿರ ಇಟ್ಟುಕೊಳ್ಳಿ. ಇದಕ್ಕೆ ಲೆಕ್ಕ ಇದೆ. ಸಣ್ಣ ದೀಪದಿಂದ ಪುಸ್ತಕ ಎರಡು ಪಟ್ಟು ದೂರ ಹೋದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗ ಆಗುತ್ತದೆ. ಒಂದು ಅಡಿ ದೂರದ ಸಣ್ಣ ದೀಪ, ಎರಡು ಅಡಿ ದೂರದ ನಾಲ್ಕು ದೀಪಕ್ಕೆ ಸಮ. ದೀಪದ ಹಿಂದೆ ಹೊಳೆಯುವ ಸ್ಟೀಲ್ ತಟ್ಟೆ ನಿಲ್ಲಿಸಿದರೆ ಹಿಂದೆ ಹೋಗುವ ಬೆಳಕೂ ಪುಸ್ತಕದ ಮೇಲೆ ಬೀಳುತ್ತದೆ. ಬರೆಯುವ ಲೆಕ್ಕಗಳನ್ನು ಹಗಲಲ್ಲೇ ಮುಗಿಸಿ. ಬಾಯಿಪಾಠದ ಪದ್ಯ, ಸೂತ್ರ ಕತ್ತಲೆಗೆ ಇಟ್ಟುಕೊಳ್ಳಿ. ಅದಕ್ಕೆ ಬೆಳಕು ಬೇಡ!

ಬುಡ್ಡಿ ದೀಪ ಹಚ್ಚುವವರು ಅದನ್ನು ಹಾಸಿಗೆ, ಸೊಳ್ಳೆ ಪರದೆ, ಕಟ್ಟಿಗೆ ರಾಶಿಯ ಹತ್ತಿರ ಇಡಬಾರದು. ಉರಿಯುತ್ತಿರುವಾಗ ಎಣ್ಣೆ ಹಾಕಲೇಬಾರದು.

ನೀರು ಮತ್ತು ಅಡಿಗೆಮನೆ

ಮೋಟಾರು ನಿಂತರೆ ಬಾವಿಯಿಂದ ಸೇದಬೇಕು. ಹಗ್ಗ, ಗಡಗಡೆ ಸರಿ ಇದೆಯೋ ಅಂತ ಮಳೆಗಾಲಕ್ಕೆ ಮೊದಲೇ ನೋಡಿಡಿ. ಪಾತ್ರೆ ತೊಳೆಯಲಿಕ್ಕೆ, ಸ್ನಾನಕ್ಕೆ ಸೂರಿನ ನೀರೇ ಸಾಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ೫೦ ಚದರ ಮೀಟರಿನ ಮಾಡಿನ ಮೇಲೆ ೧೦ ಮಿಲಿಮೀಟರ್ ಮಳೆ ಬಂದರೆ ೫೦೦ ಲೀಟರ್! ಎಲ್ಲವೂ ಸಿಗುವುದಿಲ್ಲ, ಸ್ವಲ್ಪ ಚೆಲ್ಲಿ ಹೋಗುತ್ತೆ. ಆದರೂ ದೋಣಿ ಕಟ್ಟಿ ಡ್ರಮ್ ಇಟ್ಟರೆ ಅಮ್ಮಂದಿರ ಸೊಂಟ ಉಳಿಯುತ್ತದೆ.

ಫ್ರಿಜ್ ಇರುವವರು ಅದರ ಬಾಗಿಲು ತೆಗೆಯಬೇಡಿ. ಮುಚ್ಚಿಟ್ಟರೆ ಸುಮಾರು ೪ ಗಂಟೆ ತಂಪು ಉಳಿಯುತ್ತದೆ. ಒರಳುಕಲ್ಲು ಇದ್ದರೆ ತೊಳೆದು ಇಟ್ಟುಕೊಳ್ಳಿ. ಇನ್ವರ್ಟರ್ ಇದ್ದವರು "ನಮಗೇನು ಚಿಂತೆ" ಅಂತಾರೆ. ೧೨ ವೋಲ್ಟ್, ೧೫೦ ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು ೧೨ × ೧೫೦ = ೧೮೦೦ ವ್ಯಾಟ್ ಅವರ್ ಮಾತ್ರ. ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ೭೫೦ ವ್ಯಾಟಿನ ಮಿಕ್ಸಿ ೧೦ ನಿಮಿಷ ತಿರುಗಿದರೆ ೧೨೫ ವ್ಯಾಟ್ ಅವರ್ ಖರ್ಚು. ಅಷ್ಟರಲ್ಲಿ ೯ ವ್ಯಾಟಿನ ಒಂದು ಬಲ್ಬು ೧೩ ಗಂಟೆ ಉರಿಯುತ್ತದೆ. ಮೂರು ದಿನ ಕರೆಂಟು ಇಲ್ಲದಾಗ ಚಟ್ನಿಯೋ ಬೆಳಕೋ, ನೀವೇ ಯೋಚಿಸಿ.

ಮೊಬೈಲ್ ಟವರಿಗೂ ಕರೆಂಟು ಬೇಕು. ಅದರ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಹೋಯ್ತು. ಆದ್ದರಿಂದ ದೂರು ಕೊಡುವುದಿದ್ದರೆ ಮೊದಲೇ ಕೊಡಿ. ವಿದ್ಯುತ್ ದೂರಿನ ನಂಬರು ೧೯೧೨.

ಈಗ ಮುಖ್ಯ ವಿಷಯ: ಕರೆಂಟು ಬರುವಾಗ

ಒಂದು, ಕರೆಂಟು ಹೋದ ಕೂಡಲೇ ಮೋಟಾರು, ಮಿಕ್ಸಿ, ಟಿ.ವಿ. ಎಲ್ಲದರ ಸ್ವಿಚ್ ಆರಿಸಿ. ಗೊತ್ತಾಗಲಿಕ್ಕೆ ಒಂದು ಬಲ್ಬಿನ ಸ್ವಿಚ್ ಮಾತ್ರ ಹಾಕಿಡಿ. ಪಂಪಿಗೆ ಆಟೋ ಸ್ಟಾರ್ಟರ್ ಇದ್ದರೆ ಕರೆಂಟು ಬಂದ ಕೂಡಲೇ ಮೋಟಾರು ತಾನೇ ತಿರುಗುತ್ತದೆ. ಆಗ ಯಾರಾದರೂ ಅದಕ್ಕೆ ಕೈ ಹಾಕಿದ್ದರೆ?

ಎರಡು, ಬಲ್ಬು ವಿಪರೀತ ಬೆಳ್ಳಗೆ ಉರಿದರೆ ತಕ್ಷಣ ಮೇನ್ ಸ್ವಿಚ್ ತೆಗೆಯಿರಿ. ಗಾಳಿಗೆ ನ್ಯೂಟ್ರಲ್ ತಂತಿ ತುಂಡಾದರೆ ಕೆಲವು ಮನೆಗೆ ೨೩೦ರ ಬದಲು ೪೦೦ ವೋಲ್ಟಿನ ಹತ್ತಿರ ಬರಬಹುದು.

ಮೂರು, "ಹೇಗೂ ಕರೆಂಟು ಇಲ್ಲವಲ್ಲ" ಅಂತ ಟಿ.ಸಿ. ಫ್ಯೂಸು ಹಾಕಲು ಯಾರೂ ಹೋಗಬಾರದು. ಲೈನ್‌ಮನ್ ಕೂಡ ಸಬ್‌ಸ್ಟೇಷನ್ನಿಗೆ ತಿಳಿಸಿ, ಲೈನು ಬಂದ್ ಮಾಡಿಸಿಯೇ ಕಂಬ ಹತ್ತುತ್ತಾರೆ.

ನಾಲ್ಕು, ಸಣ್ಣ ಜನರೇಟರ್ ಇದ್ದವರು ಅದರ ವೈರನ್ನು ಮನೆಯ ಪ್ಲಗ್ಗಿಗೆ ಚುಚ್ಚಬಾರದು. ಆ ಕರೆಂಟು ಹೊರಗಿನ ಲೈನಿಗೆ ಹೋದರೆ ಟಿ.ಸಿ. ಉಲ್ಟಾ ಕೆಲಸ ಮಾಡುತ್ತದೆ. ೨೩೦ನ್ನು ೧೧,೦೦೦ಕ್ಕೆ ಏರಿಸುತ್ತದೆ. ನಮಗೋಸ್ಕರ ಕಂಬ ಹತ್ತಿದ ಲೈನ್‌ಮನ್ ಅಲ್ಲೇ ಸಾಯಬಹುದು.

ತಂತಿ ಬಿದ್ದಿದ್ದರೆ

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಕೇರಿಯ ಒಂದು ಮನೆಯ ಕರೆಯುವ ಎಮ್ಮೆ ಸತ್ತಿತು. ಸಂಜೆ ಮರ ಬಿದ್ದು ತೋಟದ ಅಂಚಿನಲ್ಲಿ ತಂತಿ ನೆಲಕ್ಕೆ ಬಿದ್ದಿತ್ತು. ಕರೆಂಟು ಇಲ್ಲ ಅಂತ ಇಬ್ಬರು ಅದನ್ನು ದಾಟಿಕೊಂಡೇ ಮನೆಗೆ ಬಂದರು. ಯಾರೂ ಯಾರಿಗೂ ಹೇಳಲಿಲ್ಲ. ರಾತ್ರಿ ಕರೆಂಟು ಬಂತು, ಎಲ್ಲರಿಗೂ ಖುಷಿಯಾಯ್ತು. ಬೆಳಿಗ್ಗೆ ಮೇಯಲು ಬಿಟ್ಟ ಎಮ್ಮೆ ತಂತಿಯ ಹತ್ತಿರ ಹೋಗಿ ಬಿತ್ತು. ಡೈರಿಗೆ ಹಾಲು ಹಾಕಿ ಬಂದ ದುಡ್ಡೇ ಆ ಮನೆಯ ಸಂತೆ ಖರ್ಚಿಗೆ ಆಗುತ್ತಿತ್ತು. ಎಮ್ಮೆಯ ಹಿಂದೆ ದಿನಾ ಹೋಗುತ್ತಿದ್ದ ಹುಡುಗಿ ಅವತ್ತು ಜ್ವರ ಅಂತ ಮನೆಯಲ್ಲಿದ್ದಳು. ಇಲ್ಲದಿದ್ದರೆ ಏನಾಗುತ್ತಿತ್ತೋ.

ಎಮ್ಮೆ ತಂತಿ ಮುಟ್ಟಿರಲಿಲ್ಲ ಅಂತ ನೋಡಿದವರು ಹೇಳಿದರು. ಅದು ಹೇಗೆ ಅಂತ ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಬಿದ್ದ ತಂತಿಯಿಂದ ಕರೆಂಟು ಒದ್ದೆ ನೆಲದಲ್ಲೂ ಹರಡುತ್ತದೆಯಂತೆ. ತಂತಿಯ ಹತ್ತಿರ ವೋಲ್ಟೇಜು ಜಾಸ್ತಿ, ದೂರ ಹೋದ ಹಾಗೆ ಕಡಿಮೆ. ಒಂದು ಕಾಲು ಹತ್ತಿರ, ಇನ್ನೊಂದು ಕಾಲು ದೂರ ಇದ್ದರೆ ಆ ವ್ಯತ್ಯಾಸ ಮೈಯೊಳಗೆ ಹರಿಯುತ್ತದೆ. ದನ ಎಮ್ಮೆಗಳ ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಅಂತರ ಹೆಚ್ಚು. ಅದಕ್ಕೇ ಅವು ಬೇಗ ಸಾಯುತ್ತವೆ.

ಆದ್ದರಿಂದ ಬಿದ್ದ ತಂತಿ ಕಂಡರೆ ಕನಿಷ್ಠ ೧೦ ಮೀಟರ್ ದೂರ ಇರಿ. ಹತ್ತಿರದಲ್ಲೇ ಇದ್ದೀರಿ ಅಂದರೆ ಓಡಬೇಡಿ, ಎರಡೂ ಪಾದ ಜೋಡಿಸಿ ನೆಲ ಬಿಡದೆ ಪುಟ್ಟ ಪುಟ್ಟದಾಗಿ ಸರಿಯಿರಿ. ಕೋಲಿನಿಂದ ಸರಿಸಲು ಹೋಗಬೇಡಿ. ೧೧,೦೦೦ ವೋಲ್ಟಿಗೆ ಮಳೆಯಲ್ಲಿ ನೆನೆದ ಕೋಲು ತಡೆಯಲ್ಲ. ಒಬ್ಬರು ದೂರದಲ್ಲಿ ಕಾವಲು ನಿಲ್ಲಿ, ಒಬ್ಬರು ಲೈನ್‌ಮನ್‌ಗೆ ತಿಳಿಸಿ. ದನಕರು ಬಿಡುವ ಮನೆಗಳಿಗೆಲ್ಲಾ ಹೇಳಿ ಕಳಿಸಿ.

ಗೆಳೆಯರೇ, ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ೧೯೧೨, ನಿಮ್ಮೂರಿನ ಲೈನ್‌ಮನ್ ನಂಬರು, ಹತ್ತಿರದ ಕಂಬದ ನಂಬರು, ಈ ಮೂರನ್ನೂ ಸೀಮೆಸುಣ್ಣದಿಂದ ಬಾಗಿಲ ಹಿಂದೆ ದೊಡ್ಡದಾಗಿ ಬರೆಯಿರಿ. ಓದಲು ಬಾರದ ಅಜ್ಜ ಅಜ್ಜಿಗೆ "ತಂತಿ ಬಿದ್ದರೆ ಕರೆಂಟು ಇದೆ ಅಂತಲೇ ತಿಳ್ಕೊಳ್ಳಿ" ಎಂದು ಬಾಯಲ್ಲಿ ಹೇಳಿ.

- ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ