ಹಿತ್ತಲು, ಉದ್ಯಾನ, ಬನ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು, ಕೈಗೆಟುಕಿದ ವಸ್ತುವಿಗೆ ಬೆಲೆಯಿಲ್ಲವೆಂಬ ಅರ್ಥದಲ್ಲಿ ಎಲ್ಲರೂ ಬಳಸುತ್ತಾರೆ. ಆದರೆ ಈ ಗಾದೆ ಹುಟ್ಟಬೇಕಾದರೆ ಮನೆಮನೆಗೂ ಒಂದು ಹಿತ್ತಲು ಇದ್ದಿರಬೇಕು, ಆ ಹಿತ್ತಲಿನಲ್ಲಿ ಮದ್ದಿನ ಗಿಡಗಳು ಬೆಳೆದಿರಬೇಕು ಎಂದು ಯೋಚಿಸುವವರು ವಿರಳ. ಇಂದು ನಗರದ ಬಡಾವಣೆಗಳಲ್ಲಿ ಗಾದೆ ಉಳಿದಿದೆ, ಹಿತ್ತಲು ಉಳಿದಿಲ್ಲ. ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನದಲ್ಲಿ ಗೋಡೆಗೆ ಗೋಡೆ ತಾಗುವಂತೆ ಮನೆ ಎದ್ದು, ಮಿಕ್ಕ ಮೂರಡಿ ನೆಲಕ್ಕೆ ಸಿಮೆಂಟು ಬಿದ್ದು, ಅದರ ಮೇಲೆ ನಾಲ್ಕು ಕುಂಡಗಳು ಬಂದು ಕುಳಿತರೆ ಅದೇ ಉದ್ಯಾನವೆನಿಸಿಕೊಳ್ಳುತ್ತದೆ. ವಿದ್ಯಾಸಂಸ್ಥೆಗಳ ವಿಶಾಲವಾದ ಅಂಗಳಗಳೂ ಈ ರೂಢಿಗೆ ಹೊರತಾಗಿಲ್ಲ. ಆದುದರಿಂದ ಉದ್ಯಾನರಚನೆಯ ವಿಚಾರವು ಕೇವಲ ಸಿರಿವಂತರ ವಿನೋದವೆಂದು ತಳ್ಳಿಹಾಕತಕ್ಕದ್ದಲ್ಲ.

ಕನ್ನಡದಲ್ಲಿ ಮನೆಯ ಹಿಂದಣ ನೆಲಕ್ಕೆ ಹಿತ್ತಲೆಂದೂ, ಫಲಕ್ಕಾಗಿ ಬೆಳೆಸಿದುದಕ್ಕೆ ತೋಟವೆಂದೂ, ವಿಹಾರಕ್ಕಾಗಿ ರಚಿಸಿದುದಕ್ಕೆ ಉದ್ಯಾನವೆಂದೂ, ತಾನಾಗಿ ಬೆಳೆದು ಭಕ್ತಿಯಿಂದ ಕಾಪಾಡಲ್ಪಟ್ಟುದಕ್ಕೆ ಬನವೆಂದೂ ಬೇರೆಬೇರೆ ಹೆಸರುಗಳಿವೆ. ಕರಾವಳಿಯ ನಾಗಬನ, ಕೊಡಗಿನ ದೇವರಕಾಡು ಈ ಕಡೆಯ ವರ್ಗಕ್ಕೆ ಸೇರಿದವು. ಹೆಸರುಗಳು ಬೇರೆಯಾದರೂ ಇವೆಲ್ಲಕ್ಕೂ ಮೂಲವಾದ ಪ್ರಶ್ನೆಗಳು ಎರಡೇ. ಆ ನೆಲಕ್ಕೆ ನೀರು ಎಲ್ಲಿಂದ ಬಂದು ಎಲ್ಲಿ ಇಂಗುತ್ತದೆ? ಅಲ್ಲಿ ಯಾರು ಯಾರು ವಾಸಿಸತಕ್ಕವರು? ಇವು ಇತ್ಯರ್ಥವಾದ ಮೇಲೆ ಹೂವಿನ ಬಣ್ಣದ ಮಾತು.

ಈ ತಿಳಿವಳಿಕೆ ಹೊಸದಲ್ಲ. ಕ್ರಿ.ಶ. 1025ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದ ಹನ್ನೆರಡು ಅಧ್ಯಾಯಗಳಲ್ಲಿ ನೆಲದೊಳಗಿನ ಜಲವನ್ನು ಗುರುತಿಸುವ ವಿದ್ಯೆಗೂ ವೃಕ್ಷಾಯುರ್ವೇದಕ್ಕೂ ಪ್ರತ್ಯೇಕ ಸ್ಥಾನ ದೊರೆತಿದೆ. (ಶ್ರವಣಬೆಳಗೊಳದ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಬೇರೆ, ಈತನು ಬೇರೆ, ವಿದ್ಯಾರ್ಥಿಗಳು ಇವರಿಬ್ಬರನ್ನು ಒಬ್ಬನನ್ನಾಗಿ ಮಾಡುವುದುಂಟು.) ಗೃಹಸ್ಥನಿಗೆ ಬೇಕಾದ ಲೋಕಜ್ಞಾನದಲ್ಲಿ ನೀರಿನ ಅರಿವೂ ಮರದ ಅರಿವೂ ಒಟ್ಟಿಗೆ ಸೇರಿರಬೇಕೆಂಬುದು ಆ ಕಾಲದವರ ಮತ.

ಹಳೆಯ ಹಿತ್ತಲನ್ನು ನೋಡಿದರೆ ಈ ಮತದ ಪ್ರಯೋಗ ಕಾಣುತ್ತದೆ. ಬಚ್ಚಲಿನ ನೀರು ಹರಿದು ಹೋಗುವ ಹಾದಿಯಲ್ಲಿ ಬಾಳೆ. ಅದರ ಕೆಳಗಿನ ತೇವದಲ್ಲಿ ಕೆಸು. ಪಾತ್ರೆ ತೊಳೆಯುವ ಕಲ್ಲಿನ ಬಳಿ ಕರಿಬೇವು. ಬಿಸಿಲು ಚೆನ್ನಾಗಿ ಬೀಳುವ ಮೂಲೆಯಲ್ಲಿ ತುಲಸಿ, ದಾಸವಾಳ, ದೊಡ್ಡಪತ್ರೆ. ಬೇಲಿಯ ಅಂಚಿನಲ್ಲಿ ನುಗ್ಗೆ. ನುಗ್ಗೆಯ ಕೊಂಬೆ ಬಲಹೀನವಾದುದರಿಂದ ಅದನ್ನು ಮನೆಯ ಮಾಡಿಗೆ ದೂರವಾಗಿ ನೆಡುತ್ತಿದ್ದರು. ಒಂದು ಕೊಡ ನೀರು ಸ್ನಾನಕ್ಕೂ ಆಯಿತು, ಬಾಳೆಯ ಗೊನೆಗೂ ಆಯಿತು. ಇದಕ್ಕೆ ನಕ್ಷೆ ಬರೆದವರಿಲ್ಲ. ಮನೆಯ ಹೆಂಗಸರು ದಿನದಿನದ ನಡಿಗೆಯಿಂದ ಇದನ್ನು ನಿಶ್ಚಯಿಸಿದರು. ಇಂದಿನ ಅನೇಕ ಉದ್ಯಾನಗಳಲ್ಲಿ ಕಾಣುವ ಹುಲ್ಲುಹಾಸಾದರೋ ಪ್ರತಿದಿನವೂ ಒಳ್ಳೆಯ ನೀರನ್ನು ಕುಡಿದು, ವಾರಕ್ಕೊಮ್ಮೆ ಕತ್ತರಿಸಿಕೊಂಡು, ಒಂದು ಚಿಟ್ಟೆಗೂ ಅನ್ನವಿಡದೆ ಇರುತ್ತದೆ.

ದೊಡ್ಡ ಪ್ರಮಾಣದ ಉದ್ಯಾನಕ್ಕೆ ಬೆಂಗಳೂರಿನ ಲಾಲ್‌ಬಾಗ್ ಉತ್ತಮ ನಿದರ್ಶನ. 1760ರಲ್ಲಿ ಹೈದರಾಲಿಯು ಆರಂಭಿಸಿದ ಈ ತೋಟ ಇಂದು ಸುಮಾರು 240 ಎಕರೆಗಳಿಗೆ ವಿಸ್ತರಿಸಿದೆ. ಇದರ ಬೆಳವಣಿಗೆಯಲ್ಲಿ ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್ಲರ ಹೆಸರು ಚಿರಸ್ಥಾಯಿಯಾದುದು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದ ಇವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, 1956ರಲ್ಲಿ ಬೆಂಗಳೂರಿನಲ್ಲಿಯೇ ದೇಹವನ್ನು ಬಿಟ್ಟರು. ಒಂದು ಬೀದಿಯ ಮರಗಳು ಹೂ ಮುಗಿಸುವ ವೇಳೆಗೆ ಮತ್ತೊಂದು ಬೀದಿಯವು ಅರಳಬೇಕೆಂದು, ಋತುಕ್ರಮವನ್ನು ಅನುಸರಿಸಿ ಸಾಲುಮರಗಳನ್ನು ಆರಿಸಿದುದು ಇವರ ಹೆಗ್ಗಳಿಕೆ. ಗಿಡ ನೆಡುವಾಗ ಕಣ್ಣಿಗೆ ಕಾಣುವುದು ಮೂರಡಿಯ ಸಸಿ. ಉದ್ಯಾನಕಾರನು ಕಾಣಬೇಕಾದುದು ಮೂವತ್ತು ವರ್ಷಗಳ ಬಳಿಕ ಅದು ಚಾಚುವ ನೆರಳು. ಇದನ್ನು ಕಾಣಲಾರದವರು ವಿದ್ಯುತ್ ತಂತಿಯ ಕೆಳಗೆ ಮಳೆಮರವನ್ನು ನೆಟ್ಟು, ಇಪ್ಪತ್ತು ವರ್ಷ ಬೆಳೆಸಿ, ಅನಂತರ ಪ್ರತಿವರ್ಷವೂ ಅದರ ತಲೆಯನ್ನು ಕಡಿಸುತ್ತಾರೆ.

ಪರದೇಶದ ಗಿಡಗಳನ್ನು ತರುವ ವಿಷಯದಲ್ಲಿ ಮಾತ್ರ ವಿವೇಚನೆ ಅತ್ಯವಶ್ಯಕ. ಕ್ರುಂಬಿಗಲ್ಲರಿಗಿಂತ ಹಿಂದೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರೂನರ ಕಾಲದಲ್ಲಿ ಬಂದ ಸೀಮೆಬದನೆ ಎಷ್ಟು ಒಗ್ಗಿಕೊಂಡಿತೆಂದರೆ ನೆರೆಯ ತಮಿಳರೂ ತೆಲುಗರೂ ಅದನ್ನು ಬೆಂಗಳೂರಿನ ಬದನೆಯೆಂದೇ ಕರೆಯುತ್ತಾರೆ. ಅದು ಸುದೈವ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚೆಲುವಾದ ಹೂಗಿಡವೆಂದು ಬಂದ ಲಂಟಾನದ ಕಥೆ ಬೇರೆ. ಹಕ್ಕಿಗಳು ಅದರ ಹಣ್ಣನ್ನು ತಿಂದು ಬೀಜವನ್ನು ಹರಡಿದವು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟಗಳ ಕಾಡುಗಳಲ್ಲಿ ಆಳೆತ್ತರಕ್ಕೆ ಹೆಣೆದುಕೊಂಡು ನಿಂತಿರುವ ಆ ಪೊದೆಯ ಅಡಿಯಲ್ಲಿ ಜಿಂಕೆಗೆ ಹುಲ್ಲಿಲ್ಲ, ಕಾಡುಮರದ ಸಸಿಗೆ ಬೆಳಕಿಲ್ಲ. ಯಾರೋ ಬೇಲಿಯ ಅಂದಕ್ಕೆಂದು ಮೆಚ್ಚಿದ ಗಿಡವನ್ನು ಕಿತ್ತು ಮುಗಿಸಲು ಎರಡು ಶತಮಾನಗಳ ಬಳಿಕವೂ ಸಾಧ್ಯವಾಗಿಲ್ಲ.

ಮನುಷ್ಯರ ವಸತಿಯೇ ವನ್ಯಜೀವಿಗಳ ನೆಲೆಯೂ ಆಗಬಲ್ಲುದೆಂಬುದಕ್ಕೆ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಸಾಕ್ಷಿ. ಶಿಂಷಾ ನದಿಗೆ ಸಮೀಪವಾದ ಈ ಹಳ್ಳಿಗೆ ಪ್ರತಿವರ್ಷವೂ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು, ಕಾಡಿನಲ್ಲಲ್ಲ, ಮನೆಗಳ ನಡುವಣ ಹುಣಿಸೆಮರಗಳ ಮೇಲೆ ಗೂಡು ಕಟ್ಟಿ ಮರಿಮಾಡುತ್ತವೆ. ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆನ್ನುತ್ತಾರೆ. ಭಾವನೆಯ ಜೊತೆಗೆ ವ್ಯವಹಾರವೂ ಇದೆ. ಮರದ ಬುಡಕ್ಕೆ ಬೀಳುವ ಹಿಕ್ಕೆಯನ್ನು ಕೆರೆಯ ಗೋಡಿನೊಡನೆ ಬೆರೆಸಿ ಹೊಲಕ್ಕೆ ಗೊಬ್ಬರ ಮಾಡುವ ವಾಡಿಕೆ ಅಲ್ಲಿಯದು. ಗೂಡುಗಳಿರುವಾಗ ಹುಣಿಸೆಯನ್ನು ಬಡಿಯದೆ ಬಿಡುವ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ನೀಡುವ ಪದ್ಧತಿಯೂ ಬಂದಿತು. ಒಂದು ಹಳೆಯ ಹುಣಿಸೆ ಉರುಳಿದರೆ ಹಲವು ಗೂಡುಗಳು ನೆಲೆ ತಪ್ಪುತ್ತವೆ. ಅಂತಹ ಮತ್ತೊಂದು ಮರ ಸಿದ್ಧವಾಗಲು ಒಂದು ತಲೆಮಾರು ಬೇಕು.

ಹೆಜ್ಜಾರ್ಲೆ ಎಲ್ಲರ ಮನೆಗೂ ಬರುವುದಿಲ್ಲ, ನಿಜ. ಆದರೆ ಅಂಗಳದಲ್ಲೊಂದು ಬಿಲ್ವವಿದ್ದರೆ ನಿಂಬೆಚಿಟ್ಟೆ ತಪ್ಪದೆ ಬರುತ್ತದೆ. ಪೂಜೆಗೆ ಪತ್ರೆ ಬಿಡಿಸುವವರು ಎಳೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದುಬಿಳುಪಿನ ಹುಳುವನ್ನು ಕಂಡಿರಬಹುದು. ಅದು ಆ ಚಿಟ್ಟೆಯ ಮರಿ. ಶತ್ರುಗಳನ್ನು ವಂಚಿಸಲು ಆ ರೂಪ ತಾಳಿದೆ, ಬೆಳೆದ ಮೇಲೆ ಎಲೆಯ ಹಸುರನ್ನೇ ಪಡೆಯುತ್ತದೆ. ಕರಿಬೇವು, ನಿಂಬೆಗಳೂ ಅದರ ಆಹಾರ. ಎಕ್ಕದ ಎಲೆಯನ್ನುಂಡು ಬೆಳೆಯುವ ಕಿತ್ತಳೆ ಬಣ್ಣದ ಚಿಟ್ಟೆ ಮತ್ತೊಂದು. ಹುಳು ಕಂಡೊಡನೆ ಔಷಧ ಸಿಂಪಡಿಸಿ, ಮರುದಿನ ಚಿಟ್ಟೆಗಳೇ ಕಾಣುತ್ತಿಲ್ಲವೆಂದು ವ್ಯಥೆಪಡುವವರು ಈ ಸಂಬಂಧವನ್ನು ಅರಿಯತಕ್ಕದ್ದು.

ಇನ್ನು ಸಣ್ಣ ನಿವೇಶನದಲ್ಲಾಗಲಿ ಶಾಲೆಯ ಅಂಗಳದಲ್ಲಾಗಲಿ ಕೆಲಸ ತೊಡಗುವವರು ಒಂದು ಮಳೆಗಾಲ ಸುಮ್ಮನೆ ನೋಡುವುದು ಲೇಸು. ನೀರು ಎಲ್ಲಿ ನಿಲ್ಲುತ್ತದೆ, ಯಾವ ದಾರಿಯಲ್ಲಿ ಮಣ್ಣನ್ನು ಕೊಚ್ಚಿಕೊಂಡು ಹೊರಡುತ್ತದೆ ಎಂಬುದು ಆಗ ತಿಳಿಯುತ್ತದೆ. ವರ್ಷಕ್ಕೆ 70 ಸೆಂಟಿಮೀಟರು ಮಳೆಯಾಗುವ ಊರಿನಲ್ಲಿ 1,000 ಚದರ ಅಡಿಯ ತಾರಸಿಯ ಮೇಲೆ ಬೀಳುವ ನೀರು ಸುಮಾರು 65,000 ಲೀಟರು. ಅದನ್ನು ಚರಂಡಿಗೆ ಬಿಟ್ಟು ಬೇಸಗೆಯಲ್ಲಿ ಟ್ಯಾಂಕರಿಗೆ ಹಣ ಕೊಡುವುದು ಎಂತಹ ಲೆಕ್ಕಾಚಾರವೋ ತಿಳಿಯದು. ಮಾವಿಗೆ ಮೂವತ್ತು ಅಡಿ, ತೆಂಗಿಗೆ ಇಪ್ಪತ್ತೈದು ಅಡಿ ಅಂತರವಿರಬೇಕು. ಆಲ, ಅರಳಿ, ಅತ್ತಿಗಳನ್ನು ಕಟ್ಟಡದ ತಳಹದಿಯಿಂದ ಬಹುದೂರವಿಡಬೇಕು. ತರಗತಿಗಳ ಪಶ್ಚಿಮಕ್ಕೆ ಹೊಂಗೆಯಂತಹ ಮರ ಬೇರೊಂದಿಲ್ಲ. ಫಾಲ್ಗುಣದ ಸುಮಾರಿಗೆ ಎಲೆಯುದುರಿಸಿ, ಬಿಸಿಲು ಉಗ್ರವಾಗುವ ವೇಳೆಗೆ ಹೊಸ ಚಿಗುರಿನಿಂದ ತುಂಬಿ ನಿಲ್ಲುತ್ತದೆ. ಉದುರಿದ ಎಲೆಯನ್ನು ಸುಡದೆ ಬುಡಕ್ಕೇ ಹೊದಿಸಿದರೆ ತೇವ ಉಳಿಯುತ್ತದೆ.

ಶಾಲೆಗಳಲ್ಲಿ ಗಿಡಗಳು ಸಾಯುವುದು ಸಾಮಾನ್ಯವಾಗಿ ಅಜ್ಞಾನದಿಂದಲ್ಲ, ರಜೆಯಿಂದ. ಜೂನ್ ಜುಲೈ ತಿಂಗಳಲ್ಲಿ ಗಣ್ಯರ ಹಸ್ತದಿಂದ ನೆಟ್ಟ ಸಸಿ ಶಿಶಿರದವರೆಗೆ ಹಸುರಾಗಿದ್ದು, ಏಪ್ರಿಲ್ ಮೇ ತಿಂಗಳಲ್ಲಿ ಬಾಗಿಲಿಗೆ ಬೀಗ ಬಿದ್ದಾಗ ಒಣಗುತ್ತದೆ. ಮುಂದಿನ ಜೂನಿನಲ್ಲಿ ಅದೇ ಗುಣಿಯಲ್ಲಿ ಮತ್ತೊಂದು ಸಸಿ. ಸಸಿಗೂ ನಾಮಫಲಕಕ್ಕೂ ದಾನಿಗಳುಂಟು, ನೀರಿಗೆ ಇಲ್ಲ. ಗಿಡದಿಂದ ಒಂದಡಿ ದೂರದಲ್ಲಿ ಕುಂಬಾರನ ಮಣ್ಣಿನ ಮಡಕೆಯೊಂದನ್ನು ಕಂಠದವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿದರೆ ಮಣ್ಣಿನ ಮೈಯಿಂದ ನೀರು ಒಸರುತ್ತ ದಿನಗಟ್ಟಲೆ ಬೇರಿಗೆ ದೊರೆಯುತ್ತದೆ. ಆ ಮಡಕೆಗಳನ್ನು ತುಂಬುವ ಆಳಿನ ಎರಡು ಬೇಸಗೆಗಳ ಸಂಬಳವನ್ನು ಸಸಿ ನೆಡುವ ದಿನವೇ ತೆಗೆದಿರಿಸಬೇಕು. ಮೂರನೆಯ ಬೇಸಗೆಯ ಹೊತ್ತಿಗೆ ಹೊಂಗೆಯ ಬೇರು ತನ್ನ ನೀರನ್ನು ತಾನೇ ಹುಡುಕಿಕೊಂಡಿರುತ್ತದೆ.