ಒಂದೇ ಸೇತುವೆ ನಂಬಿದ ನೆಪೋಲಿಯನ್: ಆಸ್ಪರ್ನ್-ಎಸ್ಲಿಂಗ್ ಯುದ್ಧದ ಕಥೆ

ನೆಪೋಲಿಯನ್ ಸೋತಿದ್ದು ಎಲ್ಲಿ ಅಂತ ಕೇಳಿದರೆ ನಾವು ರಷ್ಯಾ ಅಂತೀವಿ, ಇಲ್ಲ ವಾಟರ್‌ಲೂ ಅಂತೀವಿ. ಆದರೆ ಅದಕ್ಕೂ ಮೊದಲೇ, 1809ರ ಮೇ 21 ಮತ್ತು 22ರಂದು, ವಿಯೆನ್ನಾ ಪಕ್ಕದ ಆಸ್ಪರ್ನ್ ಮತ್ತು ಎಸ್ಲಿಂಗ್ ಅನ್ನೋ ಹಳ್ಳಿಗಳಲ್ಲಿ ಆಸ್ಟ್ರಿಯಾ ಸೈನ್ಯ ಅವನನ್ನು ಹಿಮ್ಮೆಟ್ಟಿಸಿತ್ತು. ಚಕ್ರವರ್ತಿಯಾದ ಮೇಲೆ ಅವನು ಖುದ್ದಾಗಿ ನಡೆಸಿದ ದೊಡ್ಡ ಯುದ್ಧಗಳಲ್ಲಿ ಇದೇ ಮೊದಲ ಸೋಲು. ಇವತ್ತು ಅದು ಹೇಗಾಯ್ತು ಅಂತ ನೋಡೋಣ.

ಮೊದಲು ಜಾಗ ಅರ್ಥ ಮಾಡ್ಕೊಳ್ಳಿ. ಮೇ 13ಕ್ಕೆ ವಿಯೆನ್ನಾ ಫ್ರೆಂಚರ ಕೈಗೆ ಬಂತು. ಆದರೆ ಆಸ್ಟ್ರಿಯಾದ ಮುಖ್ಯ ಸೈನ್ಯ ಡ್ಯಾನ್ಯೂಬ್ ನದಿಯ ಆಚೆ, ಉತ್ತರ ದಡದಲ್ಲಿತ್ತು. ಅದರ ದಂಡನಾಯಕ ಆಸ್ಟ್ರಿಯಾ ಚಕ್ರವರ್ತಿಯ ತಮ್ಮ, ಆರ್ಚ್‌ಡ್ಯೂಕ್ ಚಾರ್ಲ್ಸ್. ಇದ್ದ ಸೇತುವೆಗಳನ್ನು ಆಸ್ಟ್ರಿಯನ್ನರು ಮೊದಲೇ ನಾಶ ಮಾಡಿದ್ದರು. ಹಾಗಾಗಿ ನೆಪೋಲಿಯನ್ ನದಿಯ ನಡುವಿನ ಲೋಬಾವ್ ದ್ವೀಪವನ್ನು ಆರಿಸಿಕೊಂಡ. ದಕ್ಷಿಣ ದಡದಿಂದ ದ್ವೀಪದ ತನಕ ದೋಣಿಗಳನ್ನು ಸಾಲಾಗಿ ಕಟ್ಟಿ ಒಂದು ಉದ್ದ ಸೇತುವೆ. ದ್ವೀಪದಿಂದ ಉತ್ತರ ದಡಕ್ಕೆ ಇನ್ನೊಂದು ಚಿಕ್ಕದು. ಸೈನಿಕರು, ಕುದುರೆ, ಫಿರಂಗಿ, ಮದ್ದುಗುಂಡು ಎಲ್ಲಾ ಈ ಒಂದೇ ದಾರೀಲಿ ಬರಬೇಕು. ಪರ್ಯಾಯ ದಾರಿ ಇರಲಿಲ್ಲ.

ಮೇ ತಿಂಗಳು, ಆಲ್ಪ್ಸ್ ಹಿಮ ಕರಗಿ ನದಿ ಏರುತ್ತಿತ್ತು. ಇದನ್ನೇ ಬಳಸಿಕೊಂಡ ಆಸ್ಟ್ರಿಯನ್ನರು ಮೇಲ್ಗಡೆಯಿಂದ ಕಲ್ಲು ತುಂಬಿದ ದೋಣಿ, ಬೆಂಕಿ ಹಚ್ಚಿದ ದೋಣಿ, ನೀರಲ್ಲಿ ತೇಲುವ ಹಿಟ್ಟಿನ ಗಿರಣಿಗಳನ್ನು ಹರಿಯಬಿಟ್ಟರು. ಸೇತುವೆ ಮುರಿಯಿತು. ರಿಪೇರಿ ಮಾಡಿದರು, ಮತ್ತೆ ಮುರಿಯಿತು.

ಯುದ್ಧ ಶುರುವಾದಾಗ ಉತ್ತರ ದಡದಲ್ಲಿದ್ದ ಫ್ರೆಂಚರು ಸುಮಾರು 25,000. ಎದುರಿಗೆ 90,000ಕ್ಕೂ ಹೆಚ್ಚು. ಆಸ್ಪರ್ನ್‌ನಲ್ಲಿ ಮಸೇನಾ, ಎಸ್ಲಿಂಗ್‌ನಲ್ಲಿ ಲಾನ್ ಹೇಗೋ ತಡೆದು ನಿಂತರು. ರಾತ್ರಿ ಇನ್ನಷ್ಟು ಪಡೆ ದಾಟಿತು. ಎರಡನೇ ದಿನ ಬೆಳಿಗ್ಗೆ ಲಾನ್ ನಡುಭಾಗದಲ್ಲಿ ದಾಳಿ ಮಾಡಿದ, ಮುಂದೆ ಸಾಗುತ್ತಲೂ ಇದ್ದ. ಅಷ್ಟರಲ್ಲಿ ಸೇತುವೆ ಮತ್ತೆ ಹೋಯ್ತು. ದಾವೂನ ಇಡೀ ದಳ ದಕ್ಷಿಣ ದಡದಲ್ಲೇ ಉಳಿಯಿತು. ಈಚೆ ಮದ್ದುಗುಂಡು ಮುಗಿಯುತ್ತಾ ಬಂತು. ದಾಳಿ ನಿಲ್ಲಿಸಲೇಬೇಕಾಯ್ತು.

ಆ ಮಧ್ಯಾಹ್ನ ಒಂದು ಫಿರಂಗಿ ಗುಂಡು ಲಾನ್‌ನ ಕಾಲುಗಳಿಗೆ ಬಡಿಯಿತು. ಒಂದು ಕಾಲು ಕತ್ತರಿಸಿದರೂ ಮೇ 31ಕ್ಕೆ ತೀರಿಕೊಂಡ. ನೆಪೋಲಿಯನ್‌ನನ್ನು ಏಕವಚನದಲ್ಲಿ ಮಾತಾಡಿಸುವ ಸಲುಗೆ ಇದ್ದ ಕೆಲವೇ ಗೆಳೆಯರಲ್ಲಿ ಅವನೊಬ್ಬ. ಎರಡು ದಿನದಲ್ಲಿ ಎರಡೂ ಕಡೆ ತಲಾ 20,000ಕ್ಕೂ ಹೆಚ್ಚು ಜನ ಸತ್ತರು, ಇಲ್ಲ ಗಾಯಗೊಂಡರು.

ನದಿ ಉಕ್ಕಿತು, ನಿಜ. ಆದರೆ ಮೇ ತಿಂಗಳಲ್ಲಿ ಹಿಮ ಕರಗೋದು ಯಾರಿಗೆ ಗೊತ್ತಿರಲಿಲ್ಲ ಹೇಳಿ? ಹಿಂದೊಮ್ಮೆ ನಮ್ಮ ಟೀಮಿನಲ್ಲಿ ಬ್ಯಾಕಪ್ ಇಲ್ಲದ ಒಂದೇ ಸರ್ವರ್ ನಂಬಿ ರಿಲೀಸ್ ಮಾಡಿದ್ವಿ. ರಾತ್ರಿ ಎರಡಕ್ಕೆ ಬಿತ್ತು. ಮರುದಿನದ ವರದಿಯಲ್ಲಿ "ಟ್ರಾಫಿಕ್ ಜಾಸ್ತಿಯಾಯ್ತು" ಅಂತ ನಾನೇ ಬರೆದೆ. ಅಪಾಯ ಮೊದಲೇ ಗೊತ್ತಿತ್ತು ಅನ್ನೋದನ್ನು ಬರೆಯಲಿಲ್ಲ. ನಮಗೆ ಹೋಗಿದ್ದು ಒಂದು ರಾತ್ರಿಯ ನಿದ್ದೆ ಅಷ್ಟೇ.

ನೆಪೋಲಿಯನ್ ಮುಂದೇನು ಮಾಡಿದ ಅನ್ನೋದು ಅದಕ್ಕೇ ಮುಖ್ಯ. ಆರು ವಾರ ಅವನು ಯುದ್ಧಕ್ಕೆ ಅವಸರಪಡಲಿಲ್ಲ. ಲೋಬಾವ್‌ಗೆ ಗಟ್ಟಿ ಸೇತುವೆಗಳನ್ನು ಕಟ್ಟಿಸಿದ, ತೇಲಿ ಬರೋದನ್ನು ತಡೆಯಲು ಮೇಲ್ಗಡೆ ನದಿಯಲ್ಲಿ ಸಾಲಾಗಿ ಕಂಬ ಹೊಡೆಸಿದ, ದ್ವೀಪದ ತುಂಬ ಫಿರಂಗಿ ಇಡಿಸಿದ. ಚಾರ್ಲ್ಸ್ ಗೆದ್ದರೂ ಆ ಆರು ವಾರ ದೊಡ್ಡ ದಾಳಿ ಮಾಡದೆ ಕಾದ. ಜುಲೈ 4ರ ರಾತ್ರಿ, ಗುಡುಗು ಮಳೆಯಲ್ಲಿ, ಫ್ರೆಂಚರು ಮತ್ತೆ ನದಿ ದಾಟತೊಡಗಿದರು. ಈ ಸಲ ಸೇತುವೆಗಳು ಉಳಿದವು. ಜುಲೈ 5 ಮತ್ತು 6ರ ವಾಗ್ರಾಂ ಯುದ್ಧದಲ್ಲಿ ಗೆದ್ದಿದ್ದು ನೆಪೋಲಿಯನ್.

ಆ ಕಂಬಗಳನ್ನು ಮೇ ತಿಂಗಳಲ್ಲೇ ಹೊಡೆಸಿದ್ದರೆ ಲಾನ್ ಬದುಕುತ್ತಿದ್ದನೋ ಏನೋ, ಗೊತ್ತಿಲ್ಲ. ವಾಗ್ರಾಂ ಕಥೆ ಮುಂದಿನ ವಿಡಿಯೋದಲ್ಲಿ ಹೇಳ್ತೀನಿ. ಬರ್ಲಾ?