ಜಿನ್ ಬಂದ ಮೇಲೆ ಹತ್ತಿ ಹೊಲದಲ್ಲಿ

ತಪ್ಪು ಕಲ್ಪನೆ: ಯಂತ್ರ ಬಂದರೆ ಬಿಟ್ಟಿ ದುಡಿಮೆ ತಾನಾಗಿ ತೊಲಗುತ್ತದೆ.

ಸತ್ಯ: ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆದದ್ದು ಇದರ ತದ್ವಿರುದ್ಧ. ಅಲ್ಲಿನ ಒಳನಾಡಿನ ಹತ್ತಿಯಲ್ಲಿ ಹಸಿರು ಬೀಜಕ್ಕೆ ಎಳೆ ಬಿಗಿಯಾಗಿ ಅಂಟಿರುತ್ತಿತ್ತು. ಕೈಯಿಂದ ಬಿಡಿಸಿದರೆ ದಿನವೆಲ್ಲ ಕೂತರೂ ಅರ್ಧ ಕಿಲೋ ಅರಳೆ ಸಿಕ್ಕರೆ ಹೆಚ್ಚು. 1794ರಲ್ಲಿ ಎಲಿ ವಿಟ್ನಿ ಪೇಟೆಂಟ್ ಪಡೆದ ಜಿನ್ ಎಂಬ ಬೀಜ ಬಿಡಿಸುವ ಯಂತ್ರದಲ್ಲಿ, ತಂತಿಹಲ್ಲಿನ ಉರುಳೆ ಎಳೆಯನ್ನು ಸಣ್ಣ ಸಂದಿಗಳ ಮೂಲಕ ಜಗ್ಗುತ್ತಿತ್ತು. ತೂರಲಾರದ ಬೀಜ ಹಿಂದೆಯೇ ಉಳಿಯುತ್ತಿತ್ತು. ಕೈಯಿಂದ ತಿರುಗಿಸುವ ಜಿನ್ನೇ ದಿನಕ್ಕೆ 20 ಕಿಲೋಗೂ ಹೆಚ್ಚು ಅರಳೆ ಕೊಡಬಲ್ಲದಾಗಿತ್ತು.

ಬೀಜ ಬಿಡಿಸುವುದು ಹಗುರಾಯಿತು, ಸರಿ. ಗಿಡದಿಂದ ಹತ್ತಿ ಬಿಡಿಸಲು ಮಾತ್ರ ಕೈಗಳೇ ಬೇಕಿತ್ತು. ನಮ್ಮ ಧಾರವಾಡ, ಹಾವೇರಿ ಕಡೆ ಹತ್ತಿ ಬಿಡಿಸಿದವರಿಗೆ ಗೊತ್ತು, ಒಣಗಿ ಬಿರಿದ ಕಾಯಿಯ ಚೂಪು ತುದಿ ಬೆರಳಿಗೆ ಹೇಗೆ ಚುಚ್ಚುತ್ತದೆಂದು. ಇಂಗ್ಲೆಂಡಿನ ಗಿರಣಿಗಳು ಎಷ್ಟು ಅರಳೆ ಕೊಟ್ಟರೂ ಕೊಳ್ಳುತ್ತಿದ್ದವು. ಧಣಿಗಳು ಹೊಲ ಹೆಚ್ಚಿಸಿದರು, ಆಳುಗಳನ್ನು ಕೊಂಡುತಂದರು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ 40 ಲಕ್ಷಕ್ಕೆ ಹತ್ತಿರವಾಯಿತು.

ಸ್ವತಂತ್ರ ನಾಗರಿಕನಾಗಿದ್ದ ಸಾಲೊಮನ್ ನಾರ್ಥಪ್‌ನನ್ನು 1841ರಲ್ಲಿ ಅಪಹರಿಸಿ ಗುಲಾಮನಾಗಿ ಮಾರಿಬಿಟ್ಟರು. ಲೂಸಿಯಾನಾದ ಹೊಲಗಳಲ್ಲಿ ತಾನು ಪಟ್ಟದ್ದನ್ನು ಆತ 1853ರಲ್ಲಿ ಬರೆದ. ದಿನಕ್ಕೆ ಸುಮಾರು 90 ಕಿಲೋ ಬಿಡಿಸಬೇಕು. ಕತ್ತಲಾದ ಮೇಲೆ ಜಿನ್ ಮನೆಯಲ್ಲಿ ತೂಕ. ಕಡಿಮೆ ಬಂದರೆ ಬಾರುಕೋಲು. ಹೆಚ್ಚು ಬಂದರೂ ಎದೆ ನಡುಗುತ್ತಿತ್ತು, ನಾಳೆಯಿಂದ ಅಷ್ಟನ್ನೂ ಕೇಳುತ್ತಾರಲ್ಲ!

ತಪ್ಪು ಕಲ್ಪನೆ: ಗುಲಾಮರದು ಬರೀ ಮೈಗೆಲಸ, ಬುದ್ಧಿ ಬೇರೆಯವರದು.

ಸತ್ಯ: ಮಿಸಿಸಿಪ್ಪಿಯಲ್ಲಿ ನೆಡ್ ಎಂಬ ಗುಲಾಮ, ನಮ್ಮ ಎಡೆಕುಂಟೆಯಂತೆ ಹತ್ತಿ ಸಾಲು ಹರಗುವ ಸಲಕರಣೆ ಕಂಡುಹಿಡಿದ. ಆಳಿನ ಬುದ್ಧಿಯೂ ತನ್ನದೇ ಎಂದು ಧಣಿ ಪೇಟೆಂಟ್ ಕೇಳಿದ. ಗುಲಾಮನ ಶೋಧಕ್ಕೆ ಪೇಟೆಂಟ್ ಅವನಿಗೂ ಇಲ್ಲ, ಧಣಿಗೂ ಇಲ್ಲ ಎಂದು 1858ರಲ್ಲಿ ಸರ್ಕಾರದ ಅಟಾರ್ನಿ ಜನರಲ್ ಹೇಳಿಬಿಟ್ಟರು. ಇಂಥ ಎಷ್ಟು ಹೆಸರುಗಳು ಮಣ್ಣುಪಾಲಾದವೋ!

ತಪ್ಪು ಕಲ್ಪನೆ: ಕೊನೆಗೆ ಗುಲಾಮರನ್ನು ಬಿಡಿಸಿದ್ದೂ ಯಂತ್ರವೇ.

ಸತ್ಯ: ಗುಲಾಮಗಿರಿ ಅಳಿದದ್ದು ಅಮೆರಿಕದ ಅಂತರ್ಯುದ್ಧ ಮತ್ತು 1865ರಲ್ಲಿ ಸಂವಿಧಾನಕ್ಕೆ ಬಂದ 13ನೇ ತಿದ್ದುಪಡಿಯಿಂದ. ಹತ್ತಿ ಬಿಡಿಸುವ ಯಂತ್ರ ಮಾರುಕಟ್ಟೆಗಾಗಿ ತಯಾರಾಗತೊಡಗಿದ್ದು 1940ರ ದಶಕದಲ್ಲಿ. ನಡುವಿನ ಮುಕ್ಕಾಲು ಶತಮಾನ, ಬಿಡುಗಡೆಯಾದವರ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಪಾಲಿಗೆ ಹೊಲ ಮಾಡಿ, ಧಣಿಯ ಸಾಲದ ಲೆಕ್ಕಕ್ಕೆ ಸಿಕ್ಕಿ, ಅದೇ ಮುಳ್ಳುತುದಿಯ ಕಾಯಿಗಳಿಂದ ಹತ್ತಿಯನ್ನು ಕೈಯಲ್ಲೇ ಬಿಡಿಸಿದರು.